ಟೈಲರ್ ಮಾಸ್ಟರು ಟೈರಿಗೆ ಆಲ್ಟರೇಶನ್ ಮಾಡಿದ್ದು

“ಸವೆದದ್ದು ಒಂದು ಟೈರು, ಬದಲಾಯಿಸೋದೂ ಒಂದೇ ಟೈರು! ಇದರಲ್ಲಿ ಎರಡನೇ ಮಾತಿಲ್ಲ!” ಎಂದು ಟೈಲರ್ ಮಾಸ್ಟರು ತಿಂಡಿಯ ಮೇಜಿನ ಮೇಲೆ ಗುದ್ದಿ ಘೋಷಿಸಿದರು. ಕಾಫಿ ಲೋಟ ಹಾರಿ ಅವರ ಅಂಗಿಯ ಮೇಲೇ ಮಗುಚಿದ್ದರಿಂದ ಘೋಷಣೆಯ ಗಾಂಭೀರ್ಯ ಸ್ವಲ್ಪ ಕಡಿಮೆಯಾಯಿತು.

ಎದುರಿಗೆ ಕೂತಿದ್ದ ಹೆಂಡತಿ, ಬೀದಿಗೆಲ್ಲ ನರ್ಸಮ್ಮ, ಒರೆಸುವ ಬಟ್ಟೆ ಎಸೆದು ಹೇಳಿದರು: “ನಮ್ಮದು ಇಂಜಿನ್ನು ನಾಲ್ಕೂ ಚಕ್ರಾನ ಒಟ್ಟಿಗೇ ತಿರುಗಿಸೋ ಕಾರು. ಒಂದು ದೊಡ್ಡದು ಮೂರು ಚಿಕ್ಕದು ಆದ್ರೆ ಒಳಗಿನ ಗೇರುಗಳು ಕಿತ್ತಾಡ್ತವೆ. ನಾಲ್ಕೂ ಒಟ್ಟಿಗೇ ಹಾಕಿಸಿ ಅಂತ ಕಾರಿನ ಪುಸ್ತಕದಲ್ಲೇ ಇದೆ.”

“ಪುಸ್ತಕ ಬರೆದೋನು ಯಾರು? ಕಾರು ಮಾರೋನು! ಅವನ ಭಾವಮೈದ ಯಾರು? ಟೈರು ಮಾರೋನು!”

“ಅದ್ಸರಿ. ಎಡಗಡೆ ಮುಂದಿನ ಟೈರು ಒಂದೇ ಯಾಕೆ ಬೋಳಾಯ್ತು?”

ಮಾಸ್ಟರು ಅಂಗಿ ಒರೆಸಿಕೊಳ್ಳುವುದರಲ್ಲಿ ಮಗ್ನರಾದರು. ಫುಟ್‌ಪಾತಿನ ಕಲ್ಲಿಗೆ ಟೈರು ಉಜ್ಜಿ ‘ಕಿರ್ರ್’ ಎಂದರೇನೇ ಅವರಿಗೆ ಕಾರು ನಿಂತಿತೆಂಬ ಸಮಾಧಾನ!

ನರ್ಸಮ್ಮನ ಆತಂಕಕ್ಕೆ ಕಾರಣವಿತ್ತು. ಗುಡ್ಡದ ಮೇಲಿನ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಸಿಕ್ಕಿತ್ತು. ಆದರೆ ಸ್ವಂತ ಕಾರು ಓಡಿಸಿಕೊಂಡು ಹೋಗಬೇಕು. ಲೈಸೆನ್ಸ್ ಪರೀಕ್ಷೆಯಲ್ಲಿ ಈಗಾಗಲೇ ಎರಡು ಸಲ ಫೇಲು. ನಾಳೆ ಮೂರನೆಯದು. ನಾಳೆಯೂ ಆಗದಿದ್ದರೆ ಕೆಲಸ ಬೇರೆಯವರ ಪಾಲು. ಬೋಳು ಟೈರಿನ ಕಾರನ್ನಂತೂ ಪರೀಕ್ಷೆಯ ಮೈದಾನದೊಳಕ್ಕೇ ಬಿಡುವುದಿಲ್ಲ.

“ನಿನ್ನ ಲೈಸೆನ್ಸು ನನ್ನ ಜವಾಬ್ದಾರಿ!” ಎಂದು ಎದೆ ತಟ್ಟಿಕೊಂಡು ಮಾಸ್ಟರು ಮನೆಯ ಮುಂದಿನ ಕೋಣೆಗೆ, ಅಂದರೆ ತಮ್ಮ ಅಂಗಡಿಗೆ, ಬಂದರು. ದಪ್ಪ ಕನ್ನಡಕದ ಗಿರಾಕಿಯೊಬ್ಬರು ಕೋಟು ಹಿಡಿದು ನಿಂತಿದ್ದರು.

“ಒಂದು ಗುಂಡಿ ಬಿದ್ದುಹೋಗಿದೆ. ಅದೊಂದು ಹಾಕಿಕೊಡಿ, ಸಾಕು.”

ಮಾಸ್ಟರು ಗೋಡೆಯತ್ತ ಬೆರಳು ತೋರಿದರು. ಅಲ್ಲಿ ಅವರೇ ಬರೆಸಿದ ಬೋರ್ಡು: ‘ಒಂದೇ ಗುಂಡಿ ಹಾಕಿಕೊಡುವುದಿಲ್ಲ. ಬದಲಾಯಿಸಿದರೆ ಎಲ್ಲಾ!’

“ಉಳಿದವು ಚೆನ್ನಾಗೇ ಇವೆಯಲ್ರೀ?”

“ಸ್ವಾಮೀ, ಹಳೇದರ ಮಧ್ಯೆ ಹೊಸದೊಂದು ಕೂರಿಸಿದ್ರೆ ಕೋಟಿನ ಮಾನ ಹೋಗುತ್ತೆ. ಜೊತೆಗೆ ನನ್ನ ಮಾನಾನೂ!”

ಗಿರಾಕಿ ಬೋರ್ಡನ್ನು ಇನ್ನೊಮ್ಮೆ ಓದಿ, ನಿಟ್ಟುಸಿರು ಬಿಟ್ಟು, ಎಲ್ಲ ಗುಂಡಿಗಳನ್ನೂ ಬದಲಾಯಿಸಿಕೊಂಡು ಹೋದರು.

ಮಾಸ್ಟರು ಅದೇ ಉತ್ಸಾಹದಲ್ಲಿ ಟೈರಿನಂಗಡಿಗೆ ನುಗ್ಗಿದರು. ಅಂಗಡಿಯ ಮಾಲೀಕ ಕಾರು ನೋಡಿದವನೇ, “ನಾಲ್ಕು ಹಾಕ್ಸಿ ಮಾಸ್ಟರೇ” ಎಂದ.

“ಒಂದು!”

“ಆಮೇಲೆ ನನ್ನನ್ನ ಬೈಬಾರದು.”

“ಗಿರಾಕಿಗೆ ಟೋಪಿ ಹಾಕೋದನ್ನ ನನಗೇ ತೋರಿಸ್ತೀಯೇನಯ್ಯಾ? ನಾನು ಟೋಪಿ ಹೊಲಿಯೋನು!”

ಒಂದೇ ಟೈರು ಹಾಕಿಸಿಕೊಂಡು ಮಾಸ್ಟರು ವಿಜಯಯಾತ್ರೆ ಹೊರಟರು. ನೇರ ರಸ್ತೆಯಲ್ಲಿ ಎಲ್ಲ ಸೊಗಸು. ತಿರುವು ಬಂತು ನೋಡಿ, ಕಾರು ಮುಲುಗಿತು, ಕುಪ್ಪಳಿಸಿತು. ಎದುರಿನ ಫಲಕದಲ್ಲಿ ಕಿತ್ತಳೆ ದೀಪವೊಂದು ಹೊತ್ತಿಕೊಂಡಿತು. ಮನೆ ಮುಟ್ಟುವ ಹೊತ್ತಿಗೆ ಕಾರಿನ ಕೆಳಗಿನಿಂದ ಘಾಟು.

“ಏನ್ರೀ ಇದು ಸುಟ್ಟ ವಾಸನೆ?” ನರ್ಸಮ್ಮ ಮೂಗು ಮುಚ್ಚಿಕೊಂಡು ಓಡಿ ಬಂದರು.

“ಹೊಸ ಟೈರು ಅಲ್ವಾ, ಹೊಸ ವಾಸನೆ!”

“ದೀಪ?”

“ಸ್ವಾಗತಕ್ಕೆ!”

ನರ್ಸಮ್ಮ ಗಂಡನ ಕೊರಳಿನಿಂದ ಟೇಪು ಕಿತ್ತು ಕೈಗಿತ್ತರು. “ಅಳೀರಿ!”

ಜಾಕ್ ಏರಿಸಿ ಸುತ್ತಳತೆ ಹಿಡಿದರೆ ಹೊಸ ಟೈರು ಉಳಿದ ಮೂರಕ್ಕಿಂತ ಹೆಬ್ಬೆರಳಗಲ ಹೆಚ್ಚು! ಮಾಸ್ಟರ ಮುಖ ಬಾಡಲಿಲ್ಲ, ಅರಳಿತು!

“ಅಷ್ಟೇ ತಾನೆ? ದೊಡ್ಡದನ್ನ ಚಿಕ್ಕದು ಮಾಡೋದೇ ನನ್ನ ಕಸುಬು ಕಣೇ! ಆಲ್ಟರೇಶನ್!”

“ನಾಳೆ ನನ್ನ ಪರೀಕ್ಷೆ ಕಣ್ರೀ! ದಮ್ಮಯ್ಯ, ವಾಪಸ್ ಹೋಗಿ ಇನ್ನೂ ಮೂರು ಹಾಕಿಸ್ಕೊಂಡು ಬನ್ನಿ” ಎಂದು ನರ್ಸಮ್ಮ ಅಂಗಲಾಚಿದರು. ಮಾಸ್ಟರು ಆಗಲೇ ಟೈರನ್ನು ಬಿಚ್ಚಿ ಅಂಗಡಿಯೊಳಕ್ಕೆ ಉರುಳಿಸುತ್ತಿದ್ದರು. ನರ್ಸಮ್ಮ ಒಂದು ಕ್ಷಣ ನೋಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾಸ್ಟರು ಸೀಮೆಸುಣ್ಣದಲ್ಲಿ ಗೆರೆ ಎಳೆದು ಅರ ಹಿಡಿದು ಉಜ್ಜಿದರು. ಉಜ್ಜಿದರು, ಉಜ್ಜಿದರು! ಕರಿ ಪುಡಿ ಮೂಗಿಗೆ, ಕಿವಿಗೆ, ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿಗಳಿಗೆ! ಈ ಕಡೆ ಸ್ವಲ್ಪ ಹೆಚ್ಚು ಹೋಯಿತೆಂದು ಆ ಕಡೆ ಉಜ್ಜಿದರು. ಆ ಕಡೆ ಹೆಚ್ಚಾಯಿತೆಂದು ಈ ಕಡೆ. ಈ ಕಾಲು ಸರಿಮಾಡಲು ಆ ಕಾಲು, ಆ ಕಾಲು ಸರಿಮಾಡಲು ಈ ಕಾಲು ಕತ್ತರಿಸಿ ಕೊನೆಗೆ ಪ್ಯಾಂಟು ಚಡ್ಡಿಯಾಗುತ್ತದಲ್ಲ, ಹಾಗಾಯಿತು ಟೈರಿನ ಗತಿ. ಕಡೆಗೆ ಟೇಪು ಸುತ್ತಿ ನೋಡಿದರೆ ಅದೀಗ ಹಳೆಯ ಮೂರಕ್ಕಿಂತಲೂ ಚಿಕ್ಕದು! ಬಲಭುಜ ಬೇರೆ ಮರಗಟ್ಟಿತ್ತು. ಅದನ್ನೇ ಕಾರಿಗೆ ಸಿಕ್ಕಿಸಿ, ದೇವರ ಮೇಲೆ ಭಾರ ಹಾಕಿ ಮಲಗಿದರು.

ಮರುದಿನ ಬೆಳಿಗ್ಗೆ ಕಾರು ಕುಂಟುತ್ತ ಪರೀಕ್ಷೆಯ ಮೈದಾನ ಸೇರಿತು. ಪರೀಕ್ಷಕರು ಬಂದರು. ದಪ್ಪ ಕನ್ನಡಕ! ಕೋಟಿನ ಮೇಲೆ ಫಳಫಳ ಹೊಳೆಯುವ ಹೊಸ ಗುಂಡಿಗಳು, ಎಲ್ಲವೂ! ಮಾಸ್ಟರಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಪರೀಕ್ಷಕರು ಕಾರನ್ನು ಸುತ್ತುಹಾಕಿ, ಎಡ ಮುಂಭಾಗದಲ್ಲಿ ಬಗ್ಗಿದರು. “ಇದನ್ನ ಯಾರು ಕಡಿದದ್ದು?”

“ಕಡಿದದ್ದಲ್ಲ ಸ್ವಾಮೀ… ಆಲ್ಟರೇಶನ್…”

“ಓಹೋ! ಹಳೇ ಮೂರರ ಮಧ್ಯೆ ಇದೊಂದು. ಕಾರಿನ ಮಾನ ಹೋಗಲ್ವಾ ಮಾಸ್ಟರೇ?” ಪರೀಕ್ಷಕರು ತಮ್ಮ ಗುಂಡಿಗಳನ್ನು ಒಂದೊಂದಾಗಿ ಸವರಿಕೊಂಡರು. “ಬದಲಾಯಿಸಿದರೆ ಎಲ್ಲಾ! ಬೋರ್ಡು ನಿಮ್ಮದೇ ತಾನೆ?”

ಪಕ್ಕದಲ್ಲಿ ನರ್ಸಮ್ಮನ ಕಣ್ಣು ತುಂಬಿ ಬಂದಿತ್ತು. ಅದನ್ನು ನೋಡಿದ ಮೇಲೆ ಮಾಸ್ಟರಿಗೆ ನಿಜಕ್ಕೂ ನಾಚಿಕೆಯಾಯಿತು.

“ಊಟ ಆದ್ಮೇಲೆ ಕೊನೇ ಸರದಿ ಖಾಲಿ ಇದೆ” ಎಂದರು ಪರೀಕ್ಷಕರು, ಮೆತ್ತಗಾಗಿ. “ಅಷ್ಟರಲ್ಲಿ ನಾಲ್ಕೂ ಒಂದೇ ಅಳತೆಗೆ ಬಂದ್ರೆ ನೋಡೋಣ.”

ಮಾಸ್ಟರು ಕುಂಟುವ ಕಾರಿನಲ್ಲಿ ಟೈರಿನಂಗಡಿಗೆ ದೌಡಾಯಿಸಿದರು. “ಮೂರು ಕೊಡಯ್ಯಾ, ಬೇಗ!”

“ಮೂರಲ್ಲ, ನಾಲ್ಕು. ನಿನ್ನೆ ಕೊಟ್ಟಿದ್ದನ್ನ ನೀವು ಮುಗಿಸಿಬಿಟ್ಟಿದ್ದೀರಿ. ಎತ್ತಿಟ್ಟಿದ್ದೀನಿ, ತಗೊಳ್ಳಿ.”

“ನಿನಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಮನೆಯವರು ನಿನ್ನೆ ಸಂಜೆನೇ ಫೋನ್ ಮಾಡಿದ್ರಲ್ಲ. ನೀವು ಉಜ್ಜೋ ಸದ್ದು ನನಗೂ ಕೇಳಿಸ್ತಿತ್ತು!”

ಮೂರು ಟೈರು ಉಳಿಸಲು ಹೊರಟ ಮಹಾನುಭಾವರು ಐದು ಟೈರು ಕೊಂಡರು!

ಊಟದ ಹೊತ್ತು ಕಳೆದ ಮೇಲೆ ಕಾರು ಬೆಣ್ಣೆಯ ಹಾಗೆ ಜಾರಿತು. ಕಿತ್ತಳೆ ದೀಪ ನಾಪತ್ತೆ. ನರ್ಸಮ್ಮ ತಿರುಗಿಸಿದರು, ಹಿಂದಕ್ಕೆ ತಂದರು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದರು. ಕೊನೆಗೆ ಫುಟ್‌ಪಾತಿನ ಕಲ್ಲಿನ ಪಕ್ಕ, ಒಂದಿಷ್ಟೂ ತಾಗಿಸದೆ, ಸದ್ದಿಲ್ಲದೆ ನಿಲ್ಲಿಸಿದರು. ಇದನ್ನು ಮಾಸ್ಟರು ವಿಶೇಷವಾಗಿ ಗಮನಿಸಿದರು.

“ಪಾಸು!” ಎಂದರು ಪರೀಕ್ಷಕರು.

ನರ್ಸಮ್ಮ ನಗುತ್ತಲೇ ಅತ್ತರು. ಮಾಸ್ಟರೂ ಕಣ್ಣೊರೆಸಿಕೊಂಡು, “ಟೈರಿನ ಪುಡಿ ಇನ್ನೂ ಹೋಗಿಲ್ಲ” ಎಂದರು. ಮನೆಯವರೆಗೆ ಕಾರು ಓಡಿಸಿದವರು ನರ್ಸಮ್ಮ. ಮಾಸ್ಟರು ಹಿಂದಿನ ಸೀಟಿನಲ್ಲಿ, ಉಜ್ಜಿದ ಟೈರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸಂಜೆ ನರ್ಸಮ್ಮ ನಾಳೆ ಗುಡ್ಡ ಹತ್ತಲು ಚೀಲಕ್ಕೆ ಔಷಧಿ ತುಂಬುತ್ತಿದ್ದಾಗ ಮಾಸ್ಟರು ಮೆಲ್ಲಗೆ ಪಕ್ಕಕ್ಕೆ ಬಂದರು.

“ಬಲಭುಜ ಒಂದೇ ಸಮ ನೋಯ್ತಿದೆ ಕಣೇ. ಅದೊಂದಕ್ಕೆ ಸ್ವಲ್ಪ ಮುಲಾಮು ಹಚ್ತೀಯಾ?”

ನರ್ಸಮ್ಮ ತಲೆ ಎತ್ತದೆ ಅಂಗಡಿಯ ಗೋಡೆಯತ್ತ ಬೆರಳು ತೋರಿದರು. “ನಮ್ಮಲ್ಲಿ ಒಂದೇ ಭುಜಕ್ಕೆ ಹಚ್ಚೋದಿಲ್ಲ. ಬೋರ್ಡು ಓದ್ಕೊಳ್ಳಿ!”

ಮಾಸ್ಟರು ಅಂಗಿ ಬಿಚ್ಚಿ, ಎರಡೂ ಭುಜ ತೋರಿಸಿಕೊಂಡು ಕೂತರು.