ಸುರಪುರದ ‘ಆತ್ರಿ’

ಶಹಾಪುರದ ಕರೆಂಟ್ ಸ್ಟೇಷನ್ದಾಗ ಆಪರೇಟರ್ ಆಗಿ ಕುಂತ ಹೆಣ್ಮಗಳಿಗೆ ನಗು ಯಾವಾಗ ಬರ್ತದ, ಜೀವ ಬಾಯಿಗೆ ಯಾವಾಗ ಬರ್ತದ ಹೇಳಾಕ ಆಗಂಗಿಲ್ಲ. ನನಗಂತೂ ಎರಡೂ ಒಂದೇ ಫೋನ್ದಾಗ ಬರ್ತಾವ.

ಬಂತ್ರಿ

ನಮ್ಮಲ್ಲೊಂದು, ಸುರಪುರದಾಗೊಂದು ರಿಲೇ ಡಬ್ಬಿ ಅದಾವ. ನಡುವಿನ ಲೈನಿಗೆ ಏನರ ಬಡೀತಂದ್ರ ಇದು ಅದನ್ನ ಕೇಳ್ತದ: ಲೈನ್ದಾಗ ಏನೋ ಕೆಟ್ಟದ, ನಿನಗೂ ಕಾಣ್ತೇನು? ಅದು ಹೂಂ ಅಂದ್ರ ಕಣ್ಣು ಪಿಳುಕಿಸೋದ್ರಾಗ ಎರಡೂ ಕಡಿ ಬಂದ್.

ಈ ಮಾತುಕತಿ ಪರೀಕ್ಷಾ ಮಾಡಾಕ ಸಾಹೇಬ್ರು ಬಂದಿದ್ರು. ಸಿಗ್ನಲ್ ಬಂತೇನ್ರಿ ಅಣ್ಣಾ ಅಂತ ನಾ ಸುರಪುರದ ಆಪರೇಟರನ್ನ ಫೋನ್ದಾಗ ಕೇಳಿದೆ. ಪುಣ್ಯಾತ್ಮನಿಗೆ ಇಲ್ಲ ಅನ್ನಾಕ ಬಾಯೇ ಬರಂಗಿಲ್ಲ. ಬಂತ್ರಿ ಅಕ್ಕಾರ, ಭಾಳ ಚಲೋ ಬಂತು ಅಂದ್ರು. ಸಾಹೇಬ್ರು ಇನ್ನೂ ಬಟನ್ ಒತ್ತಿರಲಿಲ್ಲ.

ಯಾರನ್ನ ಕೇಳಿ?

ಮುಂದ ಒಂದಿನ ದೇವಾಪುರದ ಕಡಿ ಲೈನಿಗೆ ಗಿಡದ ಟೊಂಗಿ ಬಡೀತು. ಡಬ್ಬಿಗಳು ಕೇಳಿದ್ವು, ಹೇಳಿದ್ವು, ಕರೆಂಟ್ ತಗದ್ವು. ನಮ್ಮೂರ ಜಿನ್ನಿಂಗ್ ಮಿಲ್ಲಿನ ಮಾಲಕರು ಫೋನ್ ಮಾಡಿ, ಯಾರನ್ನ ಕೇಳಿ ತಗದ್ರಿ ಅಂತ ನನ್ನ ಮ್ಯಾಲೇ ಹರಿಹಾಯ್ದ್ರು. ನಾನೇನ್ ಕಡಿಮಿ?

“ಸುರಪುರನ ಕೇಳೇ ತಗದೇವ್ರಿ.”

“ಶಹಾಪುರದ ಕರೆಂಟಿಗೆ ಅವ್ರನ್ ಯಾಕ್ ಕೇಳ್ತೀರಿ?”

ಆತ್ರಿ

ಟೊಂಗಿ ತಗ್ಯಾಕ ಹೋದವ್ರೊಳಗ ನಮ್ಮ ಮನಿಯವ್ರೂ ಇದ್ರು. ಜ್ವಾಳದ ಡಬ್ಬಿ ಗಿರಣಿಗೆ ಒಯ್ರಿ ಅಂತ ನಾ ಎರಡು ದಿನದಿಂದ ಬೆನ್ನ ಹತ್ತಿದ ಲೈನ್‌ಮನ್ ಇವ್ರೇ. ಅವ್ರು ಟವರ್ ಹತ್ತೋಕಿಂತ ಮೊದಲು ಎರಡೂ ಕಡಿ ಸ್ವಿಚ್ ತಗದು, ಲೈನ್ ಭೂಮಿಗೆ ಜೋಡಿಸಬೇಕು. ನಮ್ಮ ಕಡಿ ನಾ ಮಾಡಿದೆ. ನೀವೂ ಮಾಡ್ರಿ ಅಂತ ಸುರಪುರಕ್ಕ ಹೇಳಿದೆ, ಆತ್ರಿ ಅಂದ್ರು. ಸುರಪುರದವ್ರು ಆತು ಅಂದಾರ, ಹತ್ರಿ ಅಂತ ಮನಿಯವ್ರಿಗೆ ಫೋನ್ ಮಾಡಿದೆ.

ಫೋನ್ ಇಟ್ಟ ಮ್ಯಾಲ ನನಗ ಸಂಶಯ ಬಂತು. ನಮ್ಮ ಭಾಗದಾಗ ಕೆಲಸ ಮುಗದ್ರೂ ಆತ್ರಿ, ಮಾಡ್ತೀನಿ ಅಂದ್ರೂ ಆತ್ರಿ. ಇದು ಯಾವ ಆತ್ರಿ? ಮತ್ತ ಸುರಪುರಕ್ಕ ಹಚ್ಚಿದೆ.

“ಅಣ್ಣಾ, ಮಾಡೀರೋ, ಮಾಡವ್ರಿದ್ದೀರೋ?”

“ಹೌದ್ರಿ.”

“ಯಾವ್ದಕ್ಕ ಹೌದ್ರಿ?”

“ಸ್ವಿಚ್ಚಿನ ಚಾವಿ ಹುಡುಕಾಕತ್ತೇನ್ರಿ ಅಕ್ಕಾರ.”

ಮನಿಯವ್ರಿಗೆ ಹಚ್ಚಿದ್ರ ಎತ್ತವಲ್ರು. ಮತ್ತ ಹಚ್ಚಿದೆ, ಎತ್ತವಲ್ರು. ಟವರ್ ಮ್ಯಾಲಿದ್ದವ್ರು ಫೋನ್ ಎತ್ತಂಗಿಲ್ಲ, ಅದು ನನಗ ಗೊತ್ತು. ಸುರಪುರದಾಗ ಯಾರರ ತಿಳೀದ ಲೈನ್ ಚಾಲೂ ಮಾಡಿದ್ರ ಏನ್ ಗತಿ? ಮೂರನೇ ಸಲ ಹಚ್ಚಿದೆ. ಕಡೀಕ ಎತ್ತಿದ್ರು. ಬಾಯಾಗ ಏನೋ ತುಂಬಿಕೊಂಡಿದ್ರು.

ಎಲ್ಲಿದ್ದೀರಿ ಅಂತ ಅಳಕೋತ ಕೇಳಿದೆ. ಗಿಡದ ನೆರಳಾಗ ಕುಂತು ಬುತ್ತಿ ಉಣ್ಣಾಕತ್ತೀನಿ, ಕೈ ಎಂಜಲ ಇತ್ತು ಅಂದ್ರು.

“ಆತು ಅಂದಾರ, ಹತ್ರಿ ಅಂದಿದ್ದೆನಲ್ಲ?”

“ಜ್ವಾಳಕ್ಕ ನಾನೂ ಆತು ಅಂದಿದ್ದೆ. ಡಬ್ಬಿ ಇನ್ನೂ ಬಾಗಲ್ದಾಗೇ ಅದ ನೋಡು.”