ಲಾರಿಯ ಹುಳುಕು

ಬೆಳಿಗ್ಗೆ ಲಾರಿಯ ಅಡಿಯಿಂದ ಅಂಗೈಯಗಲದ ತುಕ್ಕಿನ ಚಕ್ಕೆಯೊಂದು ಕಳಚಿ ಬಿತ್ತು. ಅಲ್ಲೇ ಮಲಗಿದ್ದ ಬೀದಿನಾಯಿ ಎದ್ದು, ಮೂಸಿ ನೋಡಿ, ಇನ್ನು ಈ ಸೂರಿನ ಕೆಳಗೆ ವಾಸ ಕ್ಷೇಮವಲ್ಲವೆಂದು ಎದುರುಮನೆಯ ಮೆಟ್ಟಿಲಿಗೆ ಬಿಡಾರ ಬದಲಾಯಿಸಿತು.

ನಾಯಿಗೆ ಒಂದು ಗಳಿಗೆಯಲ್ಲಿ ತಿಳಿದದ್ದು ಲಾರಿಯ ಯಜಮಾನನಿಗೆ ತಿಳಿಯಲು ವರ್ಷ ಹಿಡಿದಿತ್ತು. ಹೋದ ವರ್ಷವೇ ತಪಾಸಣೆಯ ಸಾಹೇಬರು, "ಅಡಿಯೆಲ್ಲ ತುಕ್ಕು ಹಿಡಿದಿದೆ. ಮುಂದಿನ ಸಲ ಹೀಗೇ ತಂದ್ರೆ ಗುಜರಿಗೆ ಕಳಿಸ್ತೀನಿ" ಎಂದಿದ್ದರು. "ನಾಳೇನೇ ಮಾಡಿಸ್ತೀನಿ ಸಾರ್" ಎಂದು ಬಂದವನು ನಾಳೆ, ನಾಳೆ ಎನ್ನುತ್ತ ದಿನ ತಳ್ಳಿದ್ದ. ಬೀದಿಯವರು ಅವನಿಗೆ ನಾಳೆಯಪ್ಪ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಈಗ ಮುಂದಿನ ತಪಾಸಣೆ ಇವತ್ತು ಸಂಜೆಗೇ ಬಂದು ಕೂತಿತ್ತು.

ಗಾಡಿ ಪಾಸಾಗದಿದ್ದರೆ ಮುಂದೇನು ಎಂಬುದೂ ತೀರ್ಮಾನವಾಗಿತ್ತು. ಹೆಂಡತಿಯ ತಮ್ಮನಿಗೆ ಪೇಟೆಯಲ್ಲಿ ಬಕೆಟ್ ಅಂಗಡಿ. "ಭಾವ, ಲಾರಿ ಹೋದ್ರೆ ಹೋಗ್ಲಿ ಬಿಡಿ, ನಮ್ಮಂಗಡಿಗೆ ಬಂದ್ಬಿಡಿ. ನಿಮಗೋಸ್ಕರ ಒಂದು ಸ್ಟೂಲು ಮಾಡಿಸಿಟ್ಟಿದೀನಿ" ಎಂದು ಅವನು ಆಗಲೇ ಹೇಳಿಯಾಗಿತ್ತು. ಹುಡುಗ ಒಳ್ಳೆಯವನೇ. ಆದರೆ ಊರೂರು ಸುತ್ತಿದ ನಾಳೆಯಪ್ಪನನ್ನು ಆ ಸ್ಟೂಲು ಕನಸಿನಲ್ಲಿ ನಾಲ್ಕೂ ಕಾಲೆತ್ತಿ ಅಟ್ಟಿಸಿಕೊಂಡು ಬರುತ್ತಿತ್ತು.

ಅವನು ಚಕ್ರಗಳಿಗೆ ಕಲ್ಲು ಕೊಟ್ಟು, ತಂತಿ ಬ್ರಷ್ಷು, ಸುತ್ತಿಗೆ, ಕೆಂಪು ಪ್ರೈಮರ್ ಡಬ್ಬಿ ಹಿಡಿದು ಲಾರಿಯಡಿ ತೂರಿದ. ಹೊರಗೆ ಎರಡು ಕಾಲು ಮಾತ್ರ ಉಳಿದವು. ಹಾಗೆ ಬರೀ ಕಾಲುಗಳು ಕಂಡರೆ ಆ ಬೀದಿಯವರಿಗೆ ಸುಮ್ಮನಿರಲು ಆಗುವುದಿಲ್ಲ.

ಮೊದಲು ಬಂದವಳು ಪಕ್ಕದ ಮನೆಯ ಟೈಲರಕ್ಕ. "ಅಯ್ಯೋ, ಬರೀ ನೆಲದ ಮೇಲೆ ತಲೆ ಇಟ್ಕೊಂಡಿದೀಯಲ್ಲೋ!" ಎಂದು ಬಟ್ಟೆಚೂರು ತುಂಬಿದ ದಿಂಬೊಂದನ್ನು ಒಳಗೆ ತಳ್ಳಿದಳು. ಅಂಥ ಮೆತ್ತನೆಯ ದಿಂಬು ನಾಳೆಯಪ್ಪನಿಗೆ ಮನೆಯಲ್ಲೂ ಇರಲಿಲ್ಲ. ತಲೆ ಇಟ್ಟದ್ದೇ ತಡ, ಜೊಂಪು ಹತ್ತಿತು.

ಎಬ್ಬಿಸಿದ್ದು ಎದುರುಮನೆಯ ಹಲ್ಲಿನ ಡಾಕ್ಟರು. ನಿವೃತ್ತರಾದ ಮೇಲೆ ಬೀದಿಯಲ್ಲಿ ಬಾಯಿ ತೆಗೆದವರೆಲ್ಲ ಅವರಿಗೆ ರೋಗಿಗಳಂತೆಯೇ ಕಾಣುತ್ತಿದ್ದರು. ಸುತ್ತಿಗೆ ಎತ್ತಿಕೊಂಡು ಬಗ್ಗಿದರು.

"ತುಕ್ಕು ನೋಡೋದೂ ಹಲ್ಲು ನೋಡೋದೂ ಒಂದೇ ಕಣಯ್ಯ. ತಟ್ಟಬೇಕು. ಠಣ್ ಅಂದ್ರೆ ಗಟ್ಟಿ, ದಬ್ ಅಂದ್ರೆ ಟೊಳ್ಳು." ತಟ್ಟಿದರು. ಠಣ್ ಎಂದಿತು. ಇನ್ನಷ್ಟು ಈಚೆಗೆ ತಟ್ಟಿ, ಹಳೆಯ ಅಭ್ಯಾಸದಲ್ಲಿ ಕೇಳಿದರು, "ಇಲ್ಲಿ ನೋವಿದ್ಯಾ?"

"ಇದೆ ಡಾಕ್ಟ್ರೇ. ಅದು ನನ್ನ ಮೊಣಕಾಲು!"

ಅಷ್ಟರಲ್ಲಿ ಹೆಂಡತಿ ಟೀ ತಂದಳು. ತುಕ್ಕಿನ ಪುಡಿ ಬೀಳದಿರಲೆಂದು ಲೋಟದ ಮೇಲೆ ತಟ್ಟೆ ಮುಚ್ಚಿ, ಅವನ ಕೈಗೆಟುಕುವಂತೆ ಇಟ್ಟು, "ಬಿಸಿ ಇದೆ ರೀ, ನೋಡ್ಕೊಂಡು" ಎಂದು ಹೋದಳು. ನೋಡಿಕೊಳ್ಳದೆ ಕೈ ಚಾಚಿದ ನಾಳೆಯಪ್ಪನಿಗೆ ಸಿಕ್ಕಿದ್ದು ಲೋಟವಲ್ಲ, ಪ್ರೈಮರ್ ಡಬ್ಬಿ. ಅದು ನೆತ್ತಿಯ ಮೇಲೆ ಮಗುಚಿತು.

ಕೆಂಪಗೆ ತೊಟ್ಟಿಕ್ಕುವ ತಲೆಯೊಂದು ಲಾರಿಯಡಿಯಿಂದ ತೆವಳಿ ಬಂದದ್ದನ್ನು ಕಂಡು ಟೈಲರಕ್ಕ, "ರಕ್ತ! ರಕ್ತ!" ಎಂದು ಕಿರುಚಿದಳು. ಬೀದಿಯೆಲ್ಲ ಓಡಿಬಂತು. ಒಬ್ಬರು ನೀರು ಹಾಕಿದರು, ಒಬ್ಬರು ಬಟ್ಟೆ ಸುತ್ತಿದರು, ಡಾಕ್ಟರು, "ಎಲ್ಲಿ, ಬಾಯಿ ತೆಗಿ" ಎಂದರು. ಬಿದ್ದದ್ದು ಬಣ್ಣ ಎಂದು ಎಲ್ಲರಿಗೂ ಮನದಟ್ಟಾಗುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಮೆತ್ತಿಕೊಂಡ ಕನ್ನಡಕವನ್ನು ನಾಳೆಯಪ್ಪ ತೆಗೆದಿಟ್ಟು, ಅಂದಾಜಿನಲ್ಲೇ ಮತ್ತೆ ಒಳಗೆ ತೂರಿದ.

ಈ ಸಲ ಡಾಕ್ಟರೂ ಪಂಚೆ ಎತ್ತಿ ಕಟ್ಟಿ ಜೊತೆಗೇ ತೂರಿದರು. ಕನ್ನಡಕ ಅವರದೂ ಮನೆಯಲ್ಲೇ ಇತ್ತು. ಮುಂದಿನ ಚಕ್ರದ ಬಳಿ, ಮಣ್ಣು ಕೆರೆದ ಕಡೆ, ಅವರ ಬೆರಳು ಗಕ್ಕನೆ ನಿಂತಿತು.

"ಸಿಕ್ತು ನೋಡು ರೋಗದ ಮೂಲ! ಸಾಲಾಗಿ ಗುಂಡಿ. ಹುಳುಕು ಕಣಯ್ಯ ಇದು, ಹುಳುಕು!"

"ಮೇಲೆ ಬಣ್ಣ ಹಚ್ಚಿದ್ರೆ ಸಾಲದಾ ಡಾಕ್ಟ್ರೇ?"

"ಮುಚ್ಚಿದ್ರೆ ಒಳಗೊಳಗೇ ತಿನ್ನುತ್ತೆ. ಬೇರಿನ ತನಕ ಕೊರೆದು ನುಣ್ಣಗೆ ಮಾಡಬೇಕು."

ಗೇಟು ಮಾಡುವ ಅಂಗಡಿಯಿಂದ ಉಜ್ಜುವ ಯಂತ್ರ ಬಂತು. ಕಿಡಿ ಹಾರಿತು, ಬೀದಿಯೆಲ್ಲ ಕಿವಿ ಮುಚ್ಚಿಕೊಂಡಿತು. ಕೊನೆಗೆ ಡಾಕ್ಟರು ಬೆರಳಾಡಿಸಿ ನೋಡಿ, "ಆಹಾ, ಹಸುಗೂಸಿನ ಒಸಡು!" ಎಂದರು.

ಉಳಿದ ಕಡೆಯ ತುಕ್ಕನ್ನೂ ಉಜ್ಜಿ ತೆಗೆದು, ಡಬ್ಬಿಯಲ್ಲಿ ಉಳಿದ ಪ್ರೈಮರನ್ನು ಬಳಿದದ್ದಾಯಿತು. ಅದು ಒಣಗಲೆಂದು ಟೈಲರಕ್ಕ ಹೊಲಿಗೆ ನಿಲ್ಲಿಸಿ ತನ್ನ ಟೇಬಲ್ ಫ್ಯಾನನ್ನು ತಂದಿಟ್ಟಳು. ಇನ್ನುಳಿದವರು ರಟ್ಟು, ಸೆರಗು, ಪೇಪರು ಬೀಸಿದರು. ಹುಷಾರಿಲ್ಲದ ಮಗುವಿಗೂ ಆ ಬೀದಿ ಅಷ್ಟು ಗಾಳಿ ಹಾಕಿರಲಿಕ್ಕಿಲ್ಲ. ಆಮೇಲೆ ಡಾಕ್ಟರು, ಟೈಲರಕ್ಕ, ಹೆಂಡತಿ ಎಲ್ಲರೂ ಧೈರ್ಯಕ್ಕಿರಲೆಂದು ಲಾರಿ ಹತ್ತಿಕೊಂಡೇ ತಪಾಸಣೆಯ ಮೈದಾನಕ್ಕೆ ಹೊರಟರು.

ಪ್ರತಿ ವರ್ಷ ತಪಾಸಣೆಯ ಹೊತ್ತಿಗೆ ನಾಳೆಯಪ್ಪ ಎದೆ ಹೊಡೆದುಕೊಳ್ಳುತ್ತದೆಂದು ಮೈದಾನದ ಕೊನೆಯ ಮರದ ಕೆಳಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಈ ಸಲ ಎದೆಯುಬ್ಬಿಸಿ ಪಕ್ಕದಲ್ಲೇ ನಿಂತ. ಸಾಹೇಬರು ಗಾಡಿಯ ಅಡಿ ನೋಡಲೆಂದೇ ತೋಡಿದ್ದ ಗುಂಡಿಗಿಳಿದು ಒಂದೊಂದು ಕಡೆಯೂ ತಟ್ಟಿದರು. ಠಣ್. ಠಣ್. ಠಣ್.

"ಇದು ಅದೇ ಲಾರಿನಾ?"

"ಅದೇ ಸಾರ್."

"ಭೇಷ್! ತಲೆಗೂ ತುಕ್ಕು ಹಿಡಿದಿತ್ತಾ?" ಎಂದು ಅವನ ಕೆಂಪು ನೆತ್ತಿ ನೋಡಿ ನಕ್ಕರು. ಹೆಂಡತಿ ದೂರದಿಂದಲೇ ಕೈ ಮುಗಿದಳು. ಸಾಹೇಬರು ಜೇಬಿನಿಂದ ತೆಳುವಾದ ಕಾಗದ, ಪೆನ್ಸಿಲ್ ತೆಗೆದರು. ಮುಂದಿನ ಚಕ್ರದ ಬಳಿ ಕಾಗದವಿಟ್ಟು ಉಜ್ಜಿದರು. ಕಾಗದ ಕಪ್ಪಾಯಿತು, ಬೇರೇನೂ ಮೂಡಲಿಲ್ಲ.

"ನಂಬರ್ ಎಲ್ಲಯ್ಯ?"

"ಹಿಂದೆ ಮುಂದೆ ಬೋರ್ಡಲ್ಲಿ ಇದ್ಯಲ್ಲ ಸಾರ್."

"ಆ ನಂಬರಲ್ಲ. ಕಾರ್ಖಾನೇಲಿ ಅಡಿಯ ಚಾಸಿ ಚೌಕಟ್ಟಿನ ಮೇಲೆ ಕೆತ್ತಿರ್ತಾರಲ್ಲ, ಅದು. ವರ್ಷವರ್ಷ ಇಲ್ಲೇ ಕಾಗದ ಇಟ್ಟು ಉಜ್ಜಿ ಅಚ್ಚು ತಗೋತಿದ್ದೆ. ಸಾಲಾಗಿ ಇತ್ತು."

ನಾಳೆಯಪ್ಪ ಡಾಕ್ಟರ ಮುಖ ನೋಡಿದ. ಡಾಕ್ಟರು ಆಕಾಶ ನೋಡಿದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಸಾಹೇಬರಿಗೂ ಪಾಪ ಅನ್ನಿಸಿತು. ಗುಂಡಿಯಿಂದ ಹತ್ತಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಗಾಡಿ ಚಿನ್ನದಂಗಿದೆ. ಆದ್ರೆ ಇದು ಅದೇ ಗಾಡಿ ಅಂತ ನೀನು ಹೇಳಿದ್ರೆ ಸಾಲದು, ಗಾಡಿನೇ ಹೇಳಬೇಕು. ಹೊಸದಾಗಿ ನಂಬರ್ ಹೊಡೆಸೋಕೆ ಮೇಲಿನವರ ಅಪ್ಪಣೆ ಬರೋ ತನಕ ರೋಡಿಗಿಳಿಸಬೇಡ."

"ಯಾವಾಗ ಬರುತ್ತೆ ಸಾರ್?"

"ನಾಳೆ ಬಾ, ನೋಡೋಣ."

ಆ 'ನಾಳೆ' ಎಷ್ಟುದ್ದ ಎಂದು ನಾಳೆಯಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮರುದಿನ ಬೆಳಿಗ್ಗೆ ಬಕೆಟ್ ಅಂಗಡಿಗೆ ಹೋದಾಗ ಸ್ಟೂಲು ಕಾದಿತ್ತು. ಅದರ ಮೇಲೆ ಟೈಲರಕ್ಕನ ಮೆತ್ತನೆಯ ದಿಂಬು ಅವನಿಗಿಂತ ಮುಂಚೆಯೇ ಬಂದು ಕೂತಿತ್ತು. ಪಕ್ಕದಲ್ಲಿ ಮಾರಾಟವಾಗದೆ ಉಳಿದ ಹಳೆಯ ತಗಡಿನ ಬಕೆಟ್ಟುಗಳ ಗೋಪುರ.

"ಭಾವ, ತುಕ್ಕು ತೆಗೆಯೋದ್ರಲ್ಲಿ ನಿಮ್ಮದು ಎತ್ತಿದ ಕೈ ಅಂತ ಅಕ್ಕ ಹೇಳಿದ್ಳು" ಎಂದು ಭಾವಮೈದುನ ವಿನಯದಿಂದ ಉಪ್ಪುಕಾಗದ ಕೊಟ್ಟ. ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಇನ್ನೂ ಮೆಲ್ಲಗೆ ಹೇಳಿದ: "ಬೇಜಾರು ಮಾಡ್ಕೋಬೇಡಿ ಭಾವ... ತಳದಲ್ಲಿ ಸಾಲಾಗಿ ಗುಂಡಿ ಗುಂಡಿ ಥರ ಇರುತ್ತೆ, ಅದು ಅಳತೆ ನಂಬರು."