ಬೈದರೆ ನಡೆಯುವ ಎಂಜಿನ್

ಇಂದ:
ಹಾಲಿ ದೋಣಿ ಚಾಲಕ (ವಜಾ ಆದ ದೋಣಿ ಚಾಲಕನ ತಮ್ಮ), ಕೆಳಗಿನ ಕಡವು

ಗೆ:
ಮುಖ್ಯ ಅಧಿಕಾರಿಗಳು, ಜಲಸಾರಿಗೆ ಕಚೇರಿ

ಮೂಲಕ:
ಕಡವಿನ ಮೇಲ್ವಿಚಾರಕರು (ಈ ಅರ್ಜಿ ಅವರ ಬಗ್ಗೆಯೇ ಇದ್ದರೂ ನಿಯಮ ನಿಯಮವೇ)

ವಿಷಯ: ನಡುನೀರಿನಲ್ಲಿ ಎಂಜಿನ್ ನಿಲ್ಲುತ್ತಿದ್ದ ಕಾರಣ ತಿಳಿದುಬಂದಿರುವುದರಿಂದ ನನ್ನ ಅಣ್ಣನ ವಜಾ ಆದೇಶವನ್ನು ತಿದ್ದುವ ಬಗ್ಗೆ.

ಉಲ್ಲೇಖ: ೧) ಸದರಿ ವಜಾ ಆದೇಶ. ೨) "ಮಹಿಳಾ ಪ್ರಯಾಣಿಕರೊಬ್ಬರು ಮೇಲ್ವಿಚಾರಕರನ್ನು ಆಸನದಿಂದ ಎಬ್ಬಿಸಿದ ಬಗ್ಗೆ" ನನಗೆ ಬಂದ ನೋಟಿಸು.

ಮಾನ್ಯರೇ,

೧. ಈ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ಮೋಟಾರು ದೋಣಿ ನಡೆಸುತ್ತಿದ್ದವನು ನನ್ನ ಅಣ್ಣ. ಎಂಜಿನ್ ಅವನಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ. ಹೀಗಿರುವಾಗ ಮೇಲ್ವಿಚಾರಕ ಸಾಹೇಬರು ಹೊಸದಾಗಿ ಬಂದರು. ಪ್ರಯಾಣಿಕರ ಜೊತೆ ಹಲಗೆಯ ಮೇಲೆ ಕೂರುವುದು ಹುದ್ದೆಗೆ ಒಪ್ಪುವುದಿಲ್ಲವಾದ ಕಾರಣ, ದೋಣಿಯ ಹಿಂಭಾಗದಲ್ಲಿ ತಮಗಾಗಿ ಒಂದು ಕಬ್ಬಿಣದ ಕುರ್ಚಿ ಇಡಿಸಿದರು.

೨. ಆನಂತರ, ಸಾಹೇಬರು ಬಂದ ದಿನಗಳಲ್ಲೇ ಎಂಜಿನ್ ನಡುನೀರಿನಲ್ಲಿ ಕೆಮ್ಮಿ, ಉಸಿರು ಕಟ್ಟಿದಂತಾಗಿ ನಿಲ್ಲತೊಡಗಿತು. ಸಾಹೇಬರು ಎದ್ದು ನಿಂತು ಅಣ್ಣನನ್ನು ಬೈಯುತ್ತಿದ್ದರು. ಬೈದು ಮುಗಿಸುವಷ್ಟರಲ್ಲಿ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು. ಕಾರಣ, ಈ ಎಂಜಿನ್ ಗದರಿಸಿದರೆ ನಡೆಯುತ್ತದೆ, ಆದ್ದರಿಂದ ದೋಷ ಚಾಲಕನದೇ ಎಂದು ವರದಿ ಬರೆದರು.

೩. ಅಣ್ಣ ಕೈಕಟ್ಟಿ ಕೂರಲಿಲ್ಲ. ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ನೀರು ತಳಕ್ಕಿಳಿದಿದೆಯೇ ಎಂದು ನೋಡಿದ, ಇರಲಿಲ್ಲ. ಫಿಲ್ಟರ್ ಬಿಚ್ಚಿದ; ಕಸವಿರಲಿಲ್ಲ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಗೆಂದು ಇರುವ ತಿರುಪು ಮುಚ್ಚಿದ್ದರೆ ಪೆಟ್ರೋಲ್ ಬರುವುದಿಲ್ಲವಾದ್ದರಿಂದ ಅದನ್ನೂ ನೋಡಿದ, ತೆರೆದೇ ಇತ್ತು. ಕೊನೆಗೆ ಪರೀಕ್ಷೆಗೆಂದು ಒಬ್ಬನೇ ಆಚೆ ದಡಕ್ಕೆ ಹೋಗಿಬಂದ. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ದಡದಲ್ಲಿದ್ದ ಸಾಹೇಬರು, "ನೋಡಿದ್ರಾ? ನಾನಿಲ್ಲದಾಗ ಎಷ್ಟು ಚೆನ್ನಾಗಿ ಓಡಿಸ್ತಾನೆ! ಬೇಕಂತಲೇ ಮಾಡೋದು," ಎಂದರು. ಅಣ್ಣನನ್ನು ವಜಾ ಮಾಡಲಾಯಿತು.

೪. ಅವನ ಜಾಗಕ್ಕೆ ನನ್ನನ್ನು ನೇಮಿಸಲಾಯಿತು. "ಬೇರೆಯವ್ರ ಕೈಗೆ ಹೋಗೋದು ಬೇಡ, ನೀನೇ ಹೋಗು," ಎಂದು ಕಳಿಸಿದವನು ಅಣ್ಣನೇ. ಆದರೆ ಅತ್ತಿಗೆ ನನ್ನೊಂದಿಗೆ ಮಾತು ಬಿಟ್ಟರು. ಆಚೆ ದಡದ ಹೊಲಿಗೆ ಅಂಗಡಿಗೆ ನನ್ನ ದೋಣಿಯಲ್ಲೇ ಹೋಗಬೇಕಾದ್ದರಿಂದ ದಿನವೂ ಬಂದು, ದಿನವೂ ನನಗೆ ಬೆನ್ನು ಹಾಕಿ ಕೂರುತ್ತಿದ್ದರು. ಅಣ್ಣ ಕಡವಿನ ಕಡೆ ತಲೆ ಹಾಕುವುದನ್ನೇ ಬಿಟ್ಟ. ಯಾರೋ ಅಂಗಡಿ ಜಗಲಿಯಿಂದ, "ಬೇಕಂತಲೇ ನಿಲ್ಲಿಸೋನು ಹೋಗ್ತಿದಾನೆ ನೋಡು," ಎಂದು ಕೂಗಿದ ಮೇಲೆ ಹಗಲು ಹೊತ್ತು ಮನೆಯಿಂದ ಹೊರಡುವುದನ್ನೂ ಬಿಟ್ಟ.

೫. ಕಳೆದ ವಾರ ಹೊಳೆ ಏರಿದ್ದಾಗ, ನಾನು ಸೇರಿದ ಮೇಲೆ ಮೊದಲ ಬಾರಿಗೆ, ಸಾಹೇಬರು ದೋಣಿ ಹತ್ತಿದರು. ನಡುನೀರಿನಲ್ಲಿ ಎಂಜಿನ್ ನಿಂತಿತು. ದೋಣಿ ಅರ್ಧಕ್ಕೇ ನಿಂತುಹೋದ ಸೇತುವೆಯ ಕಂಬದ ಕಡೆ ಜಾರತೊಡಗಿತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ನಡುವೆ, ಕೈಯಿಂದ ಒತ್ತುವ ರಬ್ಬರ್ ಉಂಡೆಯೊಂದಿದೆ. ಒತ್ತಿದರೆ ಪೆಟ್ರೋಲ್ ತುಂಬಿಕೊಂಡು ಗಟ್ಟಿಯಾಗಬೇಕು. ಒತ್ತಿದೆ. ಚಪ್ಪಟೆಯಾದದ್ದು ಚಪ್ಪಟೆಯಾಗಿಯೇ ಉಳಿಯಿತು. ಸಾಹೇಬರು ಈ ಸಲ ಹೆದರಿದ್ದ ಕಾರಣ ಏಳಲಿಲ್ಲ. ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತಲ್ಲಿಂದಲೇ ಬೈದರು. ಕೂತು ಬೈದರೆ ಎಂಜಿನ್ ನಡೆಯುವುದಿಲ್ಲವೆಂಬುದು ಆಗ ದೃಢಪಟ್ಟಿತು.

"ಟ್ಯಾಂಕಿಂದ ಪೆಟ್ರೋಲೇ ಬರ್ತಿಲ್ಲ!" ಎಂದು ಕೂಗಿದೆ. ಟ್ಯಾಂಕು ಅತ್ತಿಗೆಯ ಕಾಲ ಬಳಿ ಇತ್ತು. ಅವರು ತಿರುಗಿ ನನ್ನ ಮುಖ ನೋಡಿದರು, ಬಗ್ಗಿದರು, ಪೈಪನ್ನು ಕೈಯಿಂದ ತಡವುತ್ತ ಬಂದು ಕುರ್ಚಿಯ ಬಳಿ ನಿಂತರು.

"ಸಾಹೇಬ್ರೇ, ಒಂಚೂರು ಎದ್ದೇಳಿ."

"ಯಾಕಮ್ಮಾ? ಯಾರ ಹತ್ರ ಮಾತಾಡ್ತಿದೀಯ, ಗೊತ್ತಾ?"

"ನಿಮ್ಮ ಕುರ್ಚಿ ಕಾಲು ನಮ್ಮನೆಯವ್ರ ಕತ್ತಿನ ಮೇಲಿದೆ. ಏಳ್ರೀ!"

ಸಾಹೇಬರು ಎದ್ದರು. ಕುರ್ಚಿ ಕಾಲಿನಡಿ ಸಿಕ್ಕಿದ್ದ ಪೈಪು ಸಡಿಲಗೊಂಡು ನನ್ನ ಕೈಯಲ್ಲಿದ್ದ ಉಂಡೆ ಮೆಲ್ಲಗೆ ಉಬ್ಬಿತು. ಮತ್ತೆ ಮತ್ತೆ ಒತ್ತಿ, ಎಂಜಿನ್ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಕಂಬದ ಪಾಚಿ ಕೈಗೆ ಸಿಗುವಷ್ಟು ಹತ್ತಿರವಿದ್ದಾಗ ದೋಣಿ ತಿರುಗಿತು. ಯಾರೂ ಬೈದಿರಲಿಲ್ಲ.

೬. ಮರುದಿನವೇ ಉಲ್ಲೇಖ ೨ರ ನೋಟಿಸು ಬಂತು. ಎಬ್ಬಿಸಿದ್ದು ನಿಜವೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಎಬ್ಬಿಸದಿದ್ದರೆ ನೋಟಿಸು ಕೊಡಲು ಸಾಹೇಬರಾಗಲಿ, ತೆಗೆದುಕೊಳ್ಳಲು ನಾನಾಗಲಿ ಇರುತ್ತಿರಲಿಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರುತ್ತೇನೆ.

೭. ವಿಷಯವನ್ನು ಅಣ್ಣನಿಗೆ ತಿಳಿಸಲಾಯಿತು. ಅವನಿಗೆ ಸಿಟ್ಟು ಬರುತ್ತದೆಂದುಕೊಂಡಿದ್ದೆವು. ಆದರೆ ಅವನು, "ಎಲ್ಲಾ ಬಿಚ್ಚಿ ನೋಡ್ದೆ ಕಣೋ. ಕುರ್ಚಿ ಕೆಳಗೆ ಮಾತ್ರ ನೋಡ್ಲಿಲ್ಲ. ಅವ್ರು ಕೂತಿರ್ತಿದ್ರಲ್ಲ, ಹೇಗೆ ಬಗ್ಗೋದು?" ಎಂದ. ಅತ್ತಿಗೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ, "ಊಟ ಮಾಡ್ಕೊಂಡು ಹೋಗು," ಎಂದು ನನಗೆ ಹೇಳಿದರು.

ಆದ್ದರಿಂದ, ಆದೇಶದಲ್ಲಿ "ಚಾಲಕನ ದೋಷ" ಎಂದಿರುವಲ್ಲಿ "ಪೈಪಿನ ದೋಷ" ಎಂದು ತಿದ್ದಬೇಕಾಗಿ ಕೋರುತ್ತೇನೆ. ಕುರ್ಚಿಯ ಹೆಸರನ್ನು ಎಲ್ಲೂ ಎತ್ತಬೇಕಾಗಿಲ್ಲ. ತಪ್ಪನ್ನೆಲ್ಲ ಪೈಪಿನ ಮೇಲೆ ಹೊರಿಸಿದರೂ ನಮ್ಮ ಕುಟುಂಬದ ಅಭ್ಯಂತರವಿಲ್ಲ. ಪೈಪಿಗೆ ಹೆಂಡತಿಯಿಲ್ಲ, ಅದು ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕಾಗಿಯೂ ಇಲ್ಲ.

ತಮ್ಮಲ್ಲಿ ವಿಶ್ವಾಸವನ್ನು ಇನ್ನೂ ಬಿಟ್ಟಿಲ್ಲದ,
ಹಾಲಿ ಚಾಲಕ

ಲಗತ್ತುಗಳು:
೧) ನೋಟಿಸಿನ ನಕಲು.
೨) ಹಳೆಯ ಪೈಪಿನ ತುಂಡು, ಕುರ್ಚಿ ಕಾಲಿನ ಗುರುತು ಸಹಿತ.

ವಿ.ಸೂ.: ಲಗತ್ತು ೨ನ್ನು ಕಡತದಲ್ಲಿ ಇಟ್ಟುಕೊಳ್ಳದೆ ಕಡವಿಗೆ ಹಿಂದಿರುಗಿಸಬೇಕಾಗಿ ವಿನಂತಿ. ಅದನ್ನು ನೋಡಲು ಅಣ್ಣ ಹಗಲು ಹೊತ್ತಿನಲ್ಲೇ ಬರುತ್ತೇನೆಂದಿದ್ದಾನೆ.